ಜಂಬುಕೋಳಿ: ಗುರುತು, ಹೆಸರುಗಳು ಮತ್ತು ಸಂರಕ್ಷಣೆ

ಬೆಂಗಳೂರು ಪೂರ್ವ ಭಾಗದ ಕೆರೆಗಳ ಬಗ್ಗೆ ಅರ್ಜಿ ಅಥವಾ ದೂರು ಸಲ್ಲಿಸುವವರು ಒಂದೇ ಹಕ್ಕಿಯನ್ನು ಬೇರೆ ಬೇರೆ ಹೆಸರುಗಳಿಂದ ನಮೂದಿಸುವ ಸಂಭವವಿರುವುದರಿಂದ, ಸಾರ್ವಜನಿಕರ ಅನುಕೂಲಕ್ಕಾಗಿ ಈ ಕೆಳಗಿನ ಮಾಹಿತಿಯನ್ನು ನೀಡಲಾಗಿದೆ.

ಗುರುತು

ಜಂಬುಕೋಳಿಯು ಸುಮಾರು 45 ಸೆಂ.ಮೀ. ಉದ್ದದ ನೀರುಹಕ್ಕಿ. ಮೈ ಕೆನ್ನೀಲಿ, ತಲೆ ಬೂದುಬಣ್ಣ. ಕೊಕ್ಕು, ಹಣೆಯ ಫಲಕ ಮತ್ತು ನೀಳವಾದ ಕಾಲುಗಳು ಕೆಂಪು. ಬಾಲದ ಅಡಿಭಾಗ ಬಿಳಿಯಾಗಿದ್ದು, ನಡೆಯುವಾಗ ಬಾಲವನ್ನು ಕುಣಿಸುತ್ತದೆ. ನಾಮದ ಕೋಳಿಯ ಮೈ ಕಪ್ಪು, ಕೊಕ್ಕು ಹಾಗೂ ಹಣೆ ಬಿಳಿ. ಆದುದರಿಂದ ಇವೆರಡನ್ನೂ ಸುಲಭವಾಗಿ ಬೇರ್ಪಡಿಸಿ ಗುರುತಿಸಬಹುದು.

ಹೆಸರುಗಳು

ಕನ್ನಡ: ಜಂಬುಕೋಳಿ, ನೇರಳೆ ಜಂಬುಕೋಳಿ. ಜಂಬು ಎಂಬುದು ನೀರಂಚಿನಲ್ಲಿ ಬೆಳೆಯುವ ಎತ್ತರದ ಸಸ್ಯ. ಹಕ್ಕಿಯ ವಾಸಸ್ಥಳವೇ ಅದರ ಹೆಸರಾಗಿದೆ.
ತಮಿಳು: ನೀಲ ತಾಳೈಕ್ಕೋಳಿ.
ಮಲಯಾಳಂ: ನೀಲಕ್ಕೋಳಿ.
ಹಿಂದಿ: ಕೈಮ್.
ಇಂಗ್ಲಿಷ್: ಹಳೆಯ ಪುಸ್ತಕಗಳಲ್ಲಿ ಪರ್ಪಲ್ ಮೂರ್‌ಹೆನ್, ಈಗ ಗ್ರೇ-ಹೆಡೆಡ್ ಸ್ವಾಂಪ್‌ಹೆನ್.
ವೈಜ್ಞಾನಿಕ ನಾಮ: ಪಾರ್ಫಿರಿಯೊ ಪೋಲಿಯೊಸೆಫಾಲಸ್. ಹಿಂದೆ ಯೂರೋಪಿನಿಂದ ನ್ಯೂಜಿಲೆಂಡ್‌ವರೆಗಿನ ಈ ಬಗೆಯ ಹಕ್ಕಿಗಳನ್ನೆಲ್ಲ ಒಂದೇ ಪ್ರಭೇದವೆಂದು ಎಣಿಸಲಾಗುತ್ತಿತ್ತು. ಈಗ ಭಾರತದ ಹಕ್ಕಿಯನ್ನು ಪ್ರತ್ಯೇಕ ಪ್ರಭೇದವೆಂದು ಪರಿಗಣಿಸಲಾಗಿದೆ.

ಹೆಸರಿನಲ್ಲಿ ‘ಕೋಳಿ’ ಎಂದಿದ್ದರೂ ಇದು ಸಾಕುಕೋಳಿಯ ಜಾತಿಗೆ ಸೇರಿದುದಲ್ಲ.

ವಾಸ ಮತ್ತು ಸಂತಾನ

ಕೃಷ್ಣರಾಜಪುರದ ಸಮೀಪದ ಎಲೆಮಲ್ಲಪ್ಪ ಶೆಟ್ಟಿ ಕೆರೆಯಂತಹ, ಜೊಂಡು ಬೆಳೆದ ಕೆರೆಗಳು ಇದಕ್ಕೆ ಯೋಗ್ಯವಾದ ನೆಲೆ. ಕಲ್ಲುಕಟ್ಟಡದ ದಡವಿರುವ ಹಲಸೂರು ಕೆರೆಯಲ್ಲಿ ಇಂತಹ ಆಸರೆ ಕಡಿಮೆ. ಜೊಂಡಿನ ಎಳೆಯ ಚಿಗುರು, ಗೆಡ್ಡೆ, ಬಸವನಹುಳು ಹಾಗೂ ಕೀಟಗಳು ಇದರ ಆಹಾರ. ಮುಖ್ಯವಾಗಿ ಮಳೆಗಾಲದಲ್ಲಿ ಜೊಂಡಿನ ನಡುವೆಯೇ ಗೂಡು ಕಟ್ಟುತ್ತದೆ. ಆ ಅವಧಿಯಲ್ಲಿ ಜೊಂಡನ್ನು ಒಮ್ಮೆಗೇ ಪೂರ್ಣವಾಗಿ ತೆರವುಗೊಳಿಸಿದಲ್ಲಿ ಗೂಡು, ಮೊಟ್ಟೆ ಮತ್ತು ಮರಿಗಳು ನಾಶವಾಗುತ್ತವೆ.

ಕಾನೂನು ರಕ್ಷಣೆ

ವನ್ಯಜೀವಿ (ಸಂರಕ್ಷಣಾ) ಅಧಿನಿಯಮ, 1972ರಡಿ ಈ ಪಕ್ಷಿಗೆ ರಕ್ಷಣೆಯಿದೆ. ಕೊಲ್ಲುವುದು ಮಾತ್ರವಲ್ಲದೆ ಬಲೆ ಹಾಕಿ ಹಿಡಿಯುವುದು, ಗೂಡು ಅಥವಾ ಮೊಟ್ಟೆಗಳಿಗೆ ಹಾನಿ ಮಾಡುವುದು ಸಹ ಬೇಟೆಯೆಂದೇ ಪರಿಗಣಿತವಾಗುತ್ತದೆ.

ಸಾರ್ವಜನಿಕರಿಗೆ ಸೂಚನೆ

ಗಾಯಗೊಂಡ ಹಕ್ಕಿ ಅಥವಾ ಬೇಟೆ ಕಂಡುಬಂದಲ್ಲಿ ಸಮೀಪದ ವಲಯ ಅರಣ್ಯಾಧಿಕಾರಿಗಳ ಕಛೇರಿಗೆ ತಿಳಿಸುವುದು. ಜೊಂಡು ತೆರವುಗೊಳಿಸಲು ಕೋರುವ ಅರ್ಜಿಯನ್ನು ಕೆರೆಯ ನಿರ್ವಹಣೆ ವಹಿಸಿರುವ ಸ್ಥಳೀಯ ಸಂಸ್ಥೆಗೆ ಸಲ್ಲಿಸಿ, ಗೂಡುಗಳಿರುವ ಬಗ್ಗೆ ಅದರಲ್ಲಿ ನಮೂದಿಸುವುದು. ಕೆರೆಯ ಹೆಸರು, ದಡದ ದಿಕ್ಕು, ದಿನಾಂಕ, ವೇಳೆ ಹಾಗೂ ಹಕ್ಕಿಯ ಕೊಕ್ಕು ಮತ್ತು ಕಾಲುಗಳ ಬಣ್ಣವನ್ನು ಬರೆಯಬೇಕು. ಹೆಸರು ಖಚಿತವಾಗಿ ತಿಳಿಯದಿದ್ದಲ್ಲಿ ಈ ವಿವರಗಳೇ ಹಕ್ಕಿಯನ್ನು ಗುರುತಿಸಲು ನೆರವಾಗುತ್ತವೆ.