ಉಂಡದ್ದು ಮೈಗೆ ಹತ್ತಲಿಲ್ಲ

ಬಡಕಲು ಹುಡುಗರನ್ನು ಕಂಡರೆ ನಮ್ಮ ಹಿರಿಯರು “ಇವನಿಗೆ ಉಂಡದ್ದು ಮೈಗೆ ಹತ್ತುವುದಿಲ್ಲ” ಎನ್ನುತ್ತಿದ್ದರು. ಉಣ್ಣುವುದು ಬೇರೆ, ಮೈಗೆ ಹತ್ತುವುದು ಬೇರೆ ಎಂಬ ವಿವೇಕ ನಮ್ಮ ನುಡಿಯಲ್ಲಿ ಎಂದಿನಿಂದಲೋ ಇದೆ. ಕನ್ನಡ ಪಾಠ ಹೇಳುವ ನಾನು ವೈದ್ಯನಲ್ಲ. ಆದರೂ ಪೆಲ್ಲಾಗ್ರ ಎಂಬ ರೋಗದ ಚರಿತ್ರೆಯನ್ನು ಓದುವಾಗ ಈ ಮಾತೇ ಮತ್ತೆ ಮತ್ತೆ ನೆನಪಿಗೆ ಬಂತು.

1735ರಲ್ಲಿ ಸ್ಪೇನಿನ ಅಸ್ತೂರಿಯಾಸ್ ಪ್ರಾಂತದ ವೈದ್ಯ ಗಾಸ್ಪರ್ ಕಸಾಲ್ ಬಡ ರೈತರಲ್ಲಿ ಒಂದು ವಿಚಿತ್ರ ಬೇನೆಯನ್ನು ಕಂಡ. ಬಿಸಿಲು ತಾಗಿದ ಕೈ, ಕಾಲು, ಕೊರಳುಗಳ ಚರ್ಮ ಕೆಂಪೇರಿ ಒರಟಾಗುವುದು, ಆಮೇಲೆ ಭೇದಿ, ಬುದ್ಧಿಭ್ರಮಣೆ, ಕಡೆಗೆ ಸಾವು. ಇಟಲಿಯಲ್ಲಿಯೂ ಇದು ಹಬ್ಬಿತು. ‘ಒರಟು ಚರ್ಮ’ ಎಂಬರ್ಥದ ಪೆಲ್ಲಾಗ್ರ ಎಂಬ ಹೆಸರು ಅಲ್ಲಿಯದೇ. ಎರಡೂ ಕಡೆ ರೋಗಿಗಳ ಮುಖ್ಯ ಆಹಾರ ಅಮೆರಿಕ ಖಂಡದಿಂದ ಬಂದ ಮೆಕ್ಕೆಜೋಳ. ಸಾವಿರಾರು ವರ್ಷ ಅದನ್ನೇ ಉಂಡ ಮೆಕ್ಸಿಕೋದ ಜನರಿಗೆ ಮಾತ್ರ ಇದರ ಕಾಟ ಅಷ್ಟಾಗಿ ಇರಲಿಲ್ಲ. ಏಕೆ?

ಗುಟ್ಟು ಅಡಿಗೆಮನೆಯಲ್ಲಿತ್ತು. ಅಲ್ಲಿಯ ಹೆಂಗಸರು ಕಾಳನ್ನು ಸುಣ್ಣದ ನೀರಿನಲ್ಲಿ ಬೇಯಿಸಿ, ನೆನೆಯಬಿಟ್ಟು, ತೊಳೆದು ಅರೆಯುತ್ತಿದ್ದರು. ಮೆಕ್ಕೆಜೋಳದಲ್ಲಿ ನಯಾಸಿನ್ ಎಂಬ ಜೀವಸತ್ವ ಇದ್ದೇ ಇದೆ. ಆದರೆ ಅದರ ಬಹುಪಾಲು ಬಿಗಿಯಾಗಿ ಬೆಸೆದುಕೊಂಡಿರುವುದರಿಂದ ನಮ್ಮ ಕರುಳು ಅದನ್ನು ಬಿಡಿಸಿಕೊಳ್ಳಲಾರದು. ಸುಣ್ಣದ ಕ್ಷಾರ ಆ ಗಂಟನ್ನು ಬಿಚ್ಚುತ್ತದೆ. ಯೂರೋಪಿಗೆ ಹಡಗಿನಲ್ಲಿ ಕಾಳು ಬಂತು, ಸುಣ್ಣ ಬರಲಿಲ್ಲ!

ಇಪ್ಪತ್ತನೆಯ ಶತಮಾನದ ಮೊದಲಲ್ಲಿ ಅಮೆರಿಕದ ದಕ್ಷಿಣ ಸಂಸ್ಥಾನಗಳ ಬಡವರಲ್ಲಿ ಇದೇ ರೋಗ ಎದ್ದಿತು. ಪಂಡಿತರು ಕ್ರಿಮಿಯನ್ನು ಹುಡುಕುತ್ತಿದ್ದರು. 1914ರಲ್ಲಿ ವಿಚಾರಣೆಗೆ ಬಂದ ಡಾಕ್ಟರ್ ಜೋಸೆಫ್ ಗೋಲ್ಡ್‌ಬರ್ಗರ್, ಹುಚ್ಚಾಸ್ಪತ್ರೆಗಳಲ್ಲಿ ರೋಗಿಗಳಿಗೆ ಪೆಲ್ಲಾಗ್ರ ತಗಲುತ್ತದೆ, ಅವರನ್ನು ನೋಡಿಕೊಳ್ಳುವವರಿಗೆ ತಗಲುವುದಿಲ್ಲ ಎಂಬುದನ್ನು ಗಮನಿಸಿದ. ಕ್ರಿಮಿಗೆ ಇಂಥ ಪಂಕ್ತಿಭೇದ ಎಲ್ಲಿಂದ ಬರಬೇಕು? ಮರುವರ್ಷ ಮಿಸಿಸಿಪಿಯ ಸೆರೆಮನೆಯೊಂದರಲ್ಲಿ, ಬಿಡುಗಡೆಯ ಆಸೆಗೆ ಒಪ್ಪಿದ ಕೈದಿಗಳಿಗೆ ಆತ ತಿಂಗಳುಗಟ್ಟಲೆ ಮೆಕ್ಕೆಜೋಳ, ಬಿಳಿ ಹಿಟ್ಟು, ಪಾಲಿಷ್ ಅಕ್ಕಿ ಇಂಥವನ್ನೇ ಕೊಟ್ಟ. ಕೊನೆಯವರೆಗೆ ಉಳಿದ 11 ಮಂದಿಯಲ್ಲಿ 6 ಮಂದಿಗೆ ರೋಗ ಬಂತು. ಸ್ವಾತಂತ್ರ್ಯಕ್ಕೆ ಇಂಥ ಬೆಲೆ ಕಟ್ಟಿದ್ದನ್ನು ನಾನಂತೂ ಒಪ್ಪಲಾರೆ. ಆದರೆ ಆ ಮನುಷ್ಯ ತನ್ನ ಮೈಯನ್ನೂ ಕಾಯ್ದುಕೊಳ್ಳಲಿಲ್ಲ: ಇದು ಅಂಟುರೋಗವಲ್ಲವೆಂದು ತೋರಿಸಲು 1916ರಲ್ಲಿ ರೋಗಿಗಳ ರಕ್ತವನ್ನು ಚುಚ್ಚಿಸಿಕೊಂಡ, ಅವರ ಮಲವನ್ನೂ ಹಿಟ್ಟಿನಲ್ಲಿ ಕಲಸಿ ನುಂಗಿದ. ಏನೂ ಆಗಲಿಲ್ಲ. ಕೊರತೆ ನಯಾಸಿನ್ನಿನದೆಂದು 1937ರಲ್ಲಿ ಎಲ್ವೆಹೆಮ್ ತೋರಿಸುವ ಹೊತ್ತಿಗೆ ಗೋಲ್ಡ್‌ಬರ್ಗರ್ ತೀರಿಕೊಂಡು 8 ವರ್ಷ ಆಗಿತ್ತು.

ನಮ್ಮ ದೇಹ ನಯಾಸಿನ್ನನ್ನು ತಾನೂ ತಯಾರಿಸಬಲ್ಲದು. ಹಾಲು, ಮಾಂಸ, ಬೇಳೆಗಳಲ್ಲಿರುವ ಟ್ರಿಪ್ಟೋಫೇನ್ ಎಂಬ ಅಂಶ ಸುಮಾರು 60 ಮಿಲಿಗ್ರಾಂ ಇದ್ದರೆ 1 ಮಿಲಿಗ್ರಾಂ ನಯಾಸಿನ್ ಆಗುತ್ತದೆ. ಅದಕ್ಕೂ ಬೇರೆ ‘ಬಿ’ ಜೀವಸತ್ವಗಳ ನೆರವು ಬೇಕು.

ಇಷ್ಟರಲ್ಲಿ ಕಥೆ ನಮ್ಮ ಸೀಮೆಗೂ ಬರುತ್ತದೆ. ಮೆಕ್ಕೆಜೋಳದ ಸುದ್ದಿಯಿಲ್ಲದೆ ಬರಿಯ ಬಿಳಿಜೋಳ ಉಣ್ಣುವ ದಖ್ಖಣದ ಬಡವರಲ್ಲಿಯೂ ಪೆಲ್ಲಾಗ್ರ ಕಂಡಿತು. ಜೋಳದಲ್ಲಿ ಹೆಚ್ಚಾಗಿರುವ ಲ್ಯೂಸಿನ್ ಈ ತಯಾರಿಕೆಗೆ ಅಡ್ಡಬರುತ್ತದೆಂದು ಹೈದರಾಬಾದಿನ ಸಿ. ಗೋಪಾಲನ್ ಮತ್ತು ಸಂಗಡಿಗರು 1960ರಲ್ಲಿ ವಾದಿಸಿದರು. ಮುಂದಿನ ಪ್ರಯೋಗಗಳೆಲ್ಲ ಅದನ್ನು ಸಮರ್ಥಿಸಲಿಲ್ಲ.

ನಾನೂ ಜೋಳದ ಸೀಮೆಯವನೇ. ರೊಟ್ಟಿಯ ಜೊತೆಗೆ ಬೇಳೆ, ಪುಂಡಿಪಲ್ಯ, ಮಜ್ಜಿಗೆ ಇಲ್ಲದ ಊಟ ನಮ್ಮ ಮನೆಯಲ್ಲಿರಲಿಲ್ಲ. ಆದರೆ 1972ರ ಬರದಲ್ಲಿ ಓಣಿಯ ಕೂಲಿಯವರಿಗೆ ರೊಟ್ಟಿ, ಉಪ್ಪು, ಖಾರ ಇಷ್ಟೇ ಎಂದು ಅಜ್ಜಿ ಹೇಳುತ್ತಿದ್ದಳು. ಅವರ ಮುಂಗೈಗಳು ಸುಟ್ಟಂತೆ ಕಪ್ಪಾಗಿ ಸುಲಿಯುತ್ತಿದ್ದುವಂತೆ. ಆ ವರ್ಷದ ಬಿಸಿಲೇ ಹಾಗಿತ್ತು ಎಂದು ಅವಳು ತಿಳಿದಿದ್ದಳು.