ಸ್ತನ ಕ್ಯಾನ್ಸರ್ ತಪಾಸಣೆ ಮತ್ತು ವಿಮೆ: ಮುಂಬಯಿ

ರೋಗದ ಲಕ್ಷಣವೇನೂ ಕಾಣಿಸದ ಹೆಂಗಸರಲ್ಲಿ ಸ್ತನ ಕ್ಯಾನ್ಸರನ್ನು ಮೊದಲೇ ಹುಡುಕಿ ಹಿಡಿಯುವ ಪರೀಕ್ಷೆಯ ಖರ್ಚನ್ನು ಯಾರು ಹೊರಬೇಕು? ಮುಂಬಯಿಯಲ್ಲಿ ಇದಕ್ಕೆ ಉತ್ತರ ಹೆಂಗಸಿನ ಕೈಯಲ್ಲಿರುವ ವಿಮೆಯ ಕಾರ್ಡಿನ ಮೇಲೆ ನಿಂತಿದೆ. ದೇಶದ ಹೆಸರಾಂತ ಕ್ಯಾನ್ಸರ್ ಆಸ್ಪತ್ರೆ ಇರುವುದು ಇಲ್ಲಿ, ದೊಡ್ಡ ವಿಮಾ ಕಂಪನಿಗಳ ಕೇಂದ್ರ ಕಚೇರಿಗಳಿರುವುದೂ ಇಲ್ಲೇ. ಎರಡರ ಬೇರೂ ಒಂದೇ ಮನೆಯಲ್ಲಿದೆ. ಸರ್ ದೊರಾಬ್ಜಿ ಟಾಟಾ 1919ರಲ್ಲಿ ನ್ಯೂ ಇಂಡಿಯಾ ಅಶೂರೆನ್ಸ್ ಕಂಪನಿಯನ್ನು ಕಟ್ಟಿದರು. ಅವರ ಪತ್ನಿ ಮೆಹರ್‌ಬಾಯಿ ರಕ್ತದ ಕ್ಯಾನ್ಸರಿನಿಂದ ತೀರಿಕೊಂಡರು. ಮುಂದೆ ದೊರಾಬ್ಜಿಯವರ ಹೆಸರಿನ ಟ್ರಸ್ಟು 1941ರ ಫೆಬ್ರವರಿ 28ರಂದು ಪರೇಲಿನಲ್ಲಿ ಟಾಟಾ ಸ್ಮಾರಕ ಆಸ್ಪತ್ರೆಯನ್ನು ತೆರೆಯಿತು. ಆದರೂ ರೋಗವನ್ನು ಬೇಗ ಹಿಡಿಯುವ ವಿದ್ಯೆಯೂ ರೋಗಕ್ಕೆ ಹಣ ಕೊಡುವ ವ್ಯವಸ್ಥೆಯೂ ಈ ನಗರದಲ್ಲಿ ಇನ್ನೂ ಸರಿಯಾಗಿ ಕೈ ಜೋಡಿಸಿಲ್ಲ.

ಮುಂಬಯಿಗೆ ಈ ವಿಷಯದಲ್ಲಿ ಮಾಹಿತಿಯ ಕೊರತೆಯಂತೂ ಇಲ್ಲ. ಜನಸಂಖ್ಯೆಯನ್ನು ಆಧರಿಸಿದ ಭಾರತದ ಮೊದಲ ಕ್ಯಾನ್ಸರ್ ನೋಂದಣಿ ವ್ಯವಸ್ಥೆಯನ್ನು ಇಂಡಿಯನ್ ಕ್ಯಾನ್ಸರ್ ಸೊಸೈಟಿ 1963ರಲ್ಲಿ ಆರಂಭಿಸಿದ್ದು ಇಲ್ಲಿ. ಅದಕ್ಕಿಂತ ದೊಡ್ಡ ಕೆಲಸ ಶುರುವಾದದ್ದು 1998ರಲ್ಲಿ. ಟಾಟಾ ಸ್ಮಾರಕ ಕೇಂದ್ರದ ವೈದ್ಯರು ನಗರದ ಬಡ ಬಡಾವಣೆಗಳನ್ನು 20 ಗುಂಪುಗಳಾಗಿ ವಿಂಗಡಿಸಿ, 35ರಿಂದ 64 ವರ್ಷದ 1,51,538 ಮಹಿಳೆಯರನ್ನು ಒಂದು ಅಧ್ಯಯನಕ್ಕೆ ಸೇರಿಸಿಕೊಂಡರು. ಹತ್ತು ಗುಂಪುಗಳ ಹೆಂಗಸರಿಗೆ ಎರಡು ವರ್ಷಕ್ಕೊಮ್ಮೆ, ಒಟ್ಟು ನಾಲ್ಕು ಸಲ, ಸ್ತನವನ್ನು ಕೈಯಿಂದ ಮುಟ್ಟಿ ನೋಡುವ ಪರೀಕ್ಷೆ ನಡೆಯಿತು. ಪರೀಕ್ಷೆ ಮಾಡಿದವರು ವೈದ್ಯರಲ್ಲ, ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತೆಯರು. ಸ್ತನದ ಎಕ್ಸ್-ರೇ ತೆಗೆಯುವ ಮ್ಯಾಮೊಗ್ರಫಿ ಯಂತ್ರದ ಗೋಜೇ ಇರಲಿಲ್ಲ.

ಇಂದ್ರನೀಲ್ ಮಿತ್ರ ಮತ್ತು ಸಂಗಡಿಗರ ಈ ಅಧ್ಯಯನದ ಫಲಿತಾಂಶ 2021ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪ್ರಕಟವಾಯಿತು. ತಪಾಸಣೆಗೊಳಗಾದ ಗುಂಪಿನಲ್ಲಿ ರೋಗ ಪತ್ತೆಯಾದವರ ಪೈಕಿ ಮೂರನೆಯ ಅಥವಾ ನಾಲ್ಕನೆಯ ಹಂತ ತಲುಪಿದ್ದವರು ಶೇ. 37, ತಪಾಸಣೆಯಿಲ್ಲದ ಗುಂಪಿನಲ್ಲಿ ಶೇ. 47. ಐವತ್ತು ದಾಟಿದವರಲ್ಲಿ ಸ್ತನ ಕ್ಯಾನ್ಸರಿನ ಸಾವು ಸುಮಾರು ಶೇ. 30ರಷ್ಟು ಇಳಿದಿತ್ತು. ಐವತ್ತರೊಳಗಿನವರಲ್ಲಿ ಸಾವು ಇಳಿದದ್ದು ಖಚಿತವಾಗಿ ಕಾಣಲಿಲ್ಲ. ಎಲ್ಲ ವಯಸ್ಸಿನವರನ್ನೂ ಸೇರಿಸಿದಾಗ ಕಂಡ ಶೇ. 15ರ ಇಳಿಕೆಯೂ ಸಂಖ್ಯಾಶಾಸ್ತ್ರದ ಒರೆಗೆ ನಿಲ್ಲಲಿಲ್ಲ. ತಪಾಸಣೆಯಿಲ್ಲದೆ ಉಳಿದ ಮಹಿಳೆಯರ ಬಗ್ಗೆ ಎದ್ದ ನೈತಿಕ ತಕರಾರೂ ಸಣ್ಣದಲ್ಲ. ಇಷ್ಟೆಲ್ಲ ಮಿತಿಗಳ ನಡುವೆಯೂ, ದುಬಾರಿ ಯಂತ್ರವಿಲ್ಲದೆಯೇ ರೋಗವನ್ನು ಬೇಗ ಹಿಡಿಯಬಹುದು ಎಂಬುದಕ್ಕೆ ಇದಕ್ಕಿಂತ ಗಟ್ಟಿಯಾದ ಪುರಾವೆ ಸಿಗುವುದು ಕಷ್ಟ.

ಇನ್ನು ವಿಮೆಯ ಕಡೆ ನೋಡಿದರೆ ಚಿತ್ರವೇ ಬೇರೆ. 1986ರಲ್ಲಿ ಸರ್ಕಾರಿ ಸಾಮಾನ್ಯ ವಿಮಾ ಕಂಪನಿಗಳು ಮೆಡಿಕ್ಲೇಮ್ ತಂದಾಗಿನಿಂದಲೂ ಆರೋಗ್ಯ ವಿಮೆ ಎಂದರೆ ಆಸ್ಪತ್ರೆಗೆ ದಾಖಲಾದವರ ಬಿಲ್ಲು ಕಟ್ಟುವ ಏರ್ಪಾಡು. ವಿಮಾ ನಿಯಂತ್ರಣ ಪ್ರಾಧಿಕಾರ ಐ.ಆರ್.ಡಿ.ಎ.ಐ. 2019ರಲ್ಲಿ ಎಲ್ಲ ಕಂಪನಿಗಳಿಗೂ ಏಕರೂಪದ ಹೊರಗಿಡುವ ಷರತ್ತುಗಳನ್ನು ಬರೆದುಕೊಟ್ಟಿತು. ಅವುಗಳಲ್ಲಿ ನಾಲ್ಕನೆಯದರ ಪ್ರಕಾರ, ಬರೀ ಪರೀಕ್ಷೆಗೆಂದೇ ದಾಖಲಾದರೆ ಹಣವಿಲ್ಲ. 2020ರ ಏಪ್ರಿಲ್‌ನಿಂದ ಎಲ್ಲ ಕಂಪನಿಗಳೂ ಮಾರುತ್ತಿರುವ ಸರಳ ಪಾಲಿಸಿ ‘ಆರೋಗ್ಯ ಸಂಜೀವನಿ’ ಕೂಡ ಹೊರರೋಗಿ ವಿಭಾಗದ ಖರ್ಚನ್ನು ಕೊಡುವುದಿಲ್ಲ.

ಇಲ್ಲೊಂದು ವಿಚಿತ್ರವಿದೆ. ಆಸ್ಪತ್ರೆ ಸೇರುವ ಮೊದಲಿನ 30 ಅಥವಾ 60 ದಿನಗಳಲ್ಲಿ ಅದೇ ಕಾಯಿಲೆಗಾಗಿ ಮಾಡಿಸಿದ ಪರೀಕ್ಷೆಗಳ ಖರ್ಚನ್ನು ಪಾಲಿಸಿಗಳು ಸಾಮಾನ್ಯವಾಗಿ ಮರಳಿಸುತ್ತವೆ. ಹಾಗಾಗಿ ಮ್ಯಾಮೊಗ್ರಾಮಿನಲ್ಲಿ ಗಡ್ಡೆ ಕಂಡು, ಬಯಾಪ್ಸಿಯಾಗಿ, ಶಸ್ತ್ರಚಿಕಿತ್ಸೆ ನಡೆದರೆ ಆ ಮ್ಯಾಮೊಗ್ರಾಮಿನ ದುಡ್ಡು ವಾಪಸು ಬರಬಹುದು. ಏನೂ ಇಲ್ಲ ಎಂಬ ವರದಿ ಬಂದರೆ ಖರ್ಚು ಹೆಂಗಸಿನ ತಲೆಗೇ. ಹಲವು ಪಾಲಿಸಿಗಳಲ್ಲಿ ವಾರ್ಷಿಕ ಆರೋಗ್ಯ ತಪಾಸಣೆಯ ಸೌಲಭ್ಯವೇನೋ ಇದೆ. ಆದರೆ ಅದರ ಪಟ್ಟಿಯಲ್ಲಿ ಸಕ್ಕರೆ, ಕೊಬ್ಬು, ಇ.ಸಿ.ಜಿ.ಗಳ ಜೊತೆ ಮ್ಯಾಮೊಗ್ರಫಿ ಇದೆಯೇ ಎಂದು ಹುಡುಕಿಯೇ ನೋಡಬೇಕು.

ಗಂಭೀರ ಕಾಯಿಲೆಗೆ ಒಂದೇ ಗಂಟಿನಲ್ಲಿ ಹಣ ಕೊಡುವ ಪಾಲಿಸಿಗಳಲ್ಲಿ ಇನ್ನೊಂದು ತೊಡಕಿದೆ. ಪ್ರಾಧಿಕಾರದ ಪ್ರಮಾಣಿತ ವ್ಯಾಖ್ಯೆಯ ಪ್ರಕಾರ, ಹುಟ್ಟಿದ ಜಾಗ ಬಿಟ್ಟು ಹರಡದ, ಹಾಲಿನ ನಾಳದೊಳಗೇ ಉಳಿದಿರುವ ಶೂನ್ಯ ಹಂತದ ಸ್ತನ ಕ್ಯಾನ್ಸರ್ ‘ನಿರ್ದಿಷ್ಟ ತೀವ್ರತೆಯ ಕ್ಯಾನ್ಸರ್’ ಅಲ್ಲ. ಮ್ಯಾಮೊಗ್ರಫಿ ಚೆನ್ನಾಗಿ ಪತ್ತೆಹಚ್ಚುವುದು ಇದನ್ನೇ. ತಪಾಸಣೆ ತನ್ನ ಕೆಲಸವನ್ನು ಚೊಕ್ಕವಾಗಿ ಮಾಡಿದಷ್ಟೂ ಈ ಬಗೆಯ ಪಾಲಿಸಿಯಿಂದ ಹಣ ಸಿಗುವ ಸಾಧ್ಯತೆ ಕಡಿಮೆಯಾಗುತ್ತದೆ! ಶಸ್ತ್ರಚಿಕಿತ್ಸೆಯ ಬಿಲ್ಲನ್ನು ಮೆಡಿಕ್ಲೇಮ್ ಕೊಡುತ್ತದೆ ಎಂಬುದಷ್ಟೇ ಸಮಾಧಾನ. ಆರಂಭದ ಹಂತಕ್ಕೂ ವಿಮಾ ಮೊತ್ತದ ಒಂದು ಪಾಲನ್ನು ಕೊಡುವ, ಕ್ಯಾನ್ಸರಿಗೆಂದೇ ಇರುವ ಪಾಲಿಸಿಗಳೂ ಇವೆ. ಎಲ್.ಐ.ಸಿ. 2017ರಲ್ಲಿ ತಂದ ‘ಕ್ಯಾನ್ಸರ್ ಕವರ್’ ಅಂಥದ್ದು.

ಪರೀಕ್ಷೆ ಮಾಡಿಸಿಕೊಂಡು ಏನಾದರೂ ಕಂಡರೆ ಮುಂದೆ ಪಾಲಿಸಿ ಸಿಗಲಾರದು ಎಂಬ ಅಂಜಿಕೆ ಮಧ್ಯಮ ವರ್ಗದ ಮನೆಗಳಲ್ಲಿ ಸಾಮಾನ್ಯ. ಅದು ಪೂರ್ತಿ ಆಧಾರವಿಲ್ಲದ್ದೂ ಅಲ್ಲ. ಹೊಸ ಪಾಲಿಸಿಯ ಮೊದಲ 30 ದಿನಗಳಲ್ಲಿ ಬಂದ ಕಾಯಿಲೆಗೆ, ಅಪಘಾತವೊಂದನ್ನು ಬಿಟ್ಟು, ಹಣವಿಲ್ಲ. ಮೊದಲೇ ಇದ್ದ ಕಾಯಿಲೆಗೆ ಕಾಯುವ ಅವಧಿಯೂ ಉಂಟು. 2024ರ ನಿಯಮಗಳು ಇದರ ಗರಿಷ್ಠ ಮಿತಿಯನ್ನು 48ರಿಂದ 36 ತಿಂಗಳಿಗೆ ಇಳಿಸಿದವು. ಅದೇ ನಿಯಮಗಳ ಪ್ರಕಾರ ಸತತ 60 ತಿಂಗಳು ಪಾಲಿಸಿ ನಡೆದ ಮೇಲೆ, ವಂಚನೆ ಸಾಬೀತಾದ ಹೊರತು, ಮಾಹಿತಿ ಮುಚ್ಚಿಟ್ಟರೆಂಬ ನೆಪದಲ್ಲಿ ಕ್ಲೇಮನ್ನು ತಳ್ಳಿಹಾಕುವಂತಿಲ್ಲ. ಮೊದಲು ಕ್ಲೇಮು ಮಾಡಿದ್ದರೆಂಬ ಕಾರಣಕ್ಕೆ ನವೀಕರಣ ನಿರಾಕರಿಸುವಂತೆಯೂ ಇಲ್ಲ. ಆದ್ದರಿಂದ ತಪಾಸಣೆಯನ್ನು ಮುಂದೂಡುವುದಕ್ಕಿಂತ, ಇರುವ ಪಾಲಿಸಿ ಕಡಿದುಹೋಗದಂತೆ ನೋಡಿಕೊಳ್ಳುವುದೇ ಹೆಚ್ಚಿನ ರಕ್ಷಣೆ.

ಕಾರ್ಡಿನ ಮಾತಿಗೆ ಮರಳಿದರೆ, ಖಾಸಗಿ ಮೆಡಿಕ್ಲೇಮ್ ಇಲ್ಲದವರೆಲ್ಲ ಬರಿಗೈಯವರೇನಲ್ಲ. ನೌಕರರ ರಾಜ್ಯ ವಿಮೆಯ (ಇ.ಎಸ್.ಐ.) ವ್ಯಾಪ್ತಿಗೆ ಬರುವ ಹೋಟೆಲಿನಲ್ಲಿ ತಿಂಗಳಿಗೆ 21,000 ರೂಪಾಯಿವರೆಗಿನ ಸಂಬಳದಲ್ಲಿ ದುಡಿಯುವ ಉಡುಪಿ ಕಡೆಯ ಕಾರ್ಮಿಕನನ್ನೇ ತೆಗೆದುಕೊಳ್ಳಿ. ಅವನ ಹೆಂಡತಿಗೂ ಹೊರರೋಗಿ ವಿಭಾಗದ ಚಿಕಿತ್ಸೆ, ವೈದ್ಯರು ಬರೆದುಕೊಟ್ಟ ಪರೀಕ್ಷೆ ಎರಡೂ ಸಿಗುತ್ತವೆ. ಈ ಒಂದು ವಿಷಯದಲ್ಲಿ ಫೋರ್ಟ್ ಪ್ರದೇಶದ ಬ್ಯಾಂಕ್ ಅಧಿಕಾರಿಯ ಮೆಡಿಕ್ಲೇಮಿಗಿಂತ ಆತನ ಇ.ಎಸ್.ಐ. ಕಾರ್ಡೇ ಮೇಲು. ಮಹಾರಾಷ್ಟ್ರ ಸರ್ಕಾರದ ಮಹಾತ್ಮ ಜ್ಯೋತಿಬಾ ಫುಲೆ ಜನ ಆರೋಗ್ಯ ಯೋಜನೆಯಡಿ ಈಗ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ದೊರೆಯುತ್ತದೆ. ಆದರೆ ಅದೂ ರೋಗ ಪತ್ತೆಯಾದ ಮೇಲಿನ ಮಾತು.

ತಪಾಸಣೆಯ ಹೊಣೆಯನ್ನು ಕೇಂದ್ರ ಸರ್ಕಾರ ವಿಮೆಗೆ ಒಪ್ಪಿಸದೆ ಆರೋಗ್ಯ ಕೇಂದ್ರಗಳಿಗೆ ಒಪ್ಪಿಸಿದೆ. 2016ರ ಮಾರ್ಗಸೂಚಿಯಂತೆ 30ರಿಂದ 65 ವರ್ಷದ ಪ್ರತಿ ಮಹಿಳೆಗೂ ಐದು ವರ್ಷಕ್ಕೊಮ್ಮೆ ಸ್ತನ ಪರೀಕ್ಷೆ ಆಗಬೇಕು. ಕಾಗದದ ಮೇಲೆ ಇದು ಮುಂಬಯಿ ಅಧ್ಯಯನದ ದಾರಿಯೇ. ನಡೆದದ್ದು ಮಾತ್ರ ಅತ್ಯಲ್ಪ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ 30ರಿಂದ 49 ವರ್ಷದ ಭಾರತೀಯ ಮಹಿಳೆಯರ ಪೈಕಿ ಒಮ್ಮೆಯಾದರೂ ಸ್ತನ ಪರೀಕ್ಷೆ ಮಾಡಿಸಿಕೊಂಡವರು ಶೇ. 0.9. ಅಂತರರಾಷ್ಟ್ರೀಯ ಅಂದಾಜಿನಂತೆ 2022ರಲ್ಲಿ ದೇಶದಲ್ಲಿ ಸುಮಾರು 1.92 ಲಕ್ಷ ಹೊಸ ಸ್ತನ ಕ್ಯಾನ್ಸರ್ ಪ್ರಕರಣಗಳೂ ಸುಮಾರು 98 ಸಾವಿರ ಸಾವುಗಳೂ ಸಂಭವಿಸಿದವು.

ತೆರಿಗೆಯ ಬಾಗಿಲಿನಿಂದ ಸಣ್ಣ ನೆರವು ಬಂದದ್ದುಂಟು. 1961ರ ಆದಾಯ ತೆರಿಗೆ ಕಾಯ್ದೆಯ 80ಡಿ ಕಲಮಿನಲ್ಲಿ ಮುಂಜಾಗ್ರತೆಯ ತಪಾಸಣೆಗೆ 5,000 ರೂಪಾಯಿವರೆಗೆ ವಿನಾಯಿತಿ ದೊರೆಯಿತು. ಹೊಸ ತೆರಿಗೆ ಪದ್ಧತಿಗೆ ಹೋದವರಿಗೆ ಅದೂ ಇಲ್ಲ.

ಅಮೆರಿಕದಲ್ಲಿ ವಾದ ಬೇರೆ ಕಡೆಯಿಂದ ಶುರುವಾಗುತ್ತದೆ. ಅಲ್ಲಿ 2010ರ ಆರೋಗ್ಯ ಕಾಯ್ದೆಯಿಂದ ಮ್ಯಾಮೊಗ್ರಫಿ ರೋಗಿಗೆ ಖರ್ಚಿಲ್ಲದ ಹಕ್ಕಾಯಿತು. ನಲವತ್ತರ ದಶಕದವರಿಗೆ ಅದು ವಾಡಿಕೆಯಾಗಿ ಬೇಡ ಎಂದು ತಜ್ಞ ಸಮಿತಿ 2009ರಲ್ಲಿ ಹೇಳಿತ್ತು. ಆ ಶಿಫಾರಸಿನ ನೆಪದಲ್ಲಿ ಹಕ್ಕು ಕೈತಪ್ಪದಂತೆ ಅಲ್ಲಿನ ಸಂಸತ್ತು ಕಾನೂನಿನಿಂದಲೇ ತಡೆ ಹಾಕಿತು. 2024ರಲ್ಲಿ ಸಮಿತಿಯೇ ನಿಲುವು ಬದಲಿಸಿ, 40ರಿಂದ 74 ವರ್ಷದವರಿಗೆ ಎರಡು ವರ್ಷಕ್ಕೊಮ್ಮೆ ಮ್ಯಾಮೊಗ್ರಫಿ ಬೇಕೆಂದಿತು. ಅವರು ಕಾಪಾಡಿಕೊಳ್ಳುತ್ತಿರುವುದು ಪಡೆದ ಹಕ್ಕನ್ನು. ಮುಂಬಯಿಯಲ್ಲಿ ಪಡೆಯಬೇಕಾದ್ದೇ ಇನ್ನೂ ಬಹಳವಿದೆ.

ಆದರೂ ಇಲ್ಲಿ ಈಗಾಗಲೇ ಸಿಕ್ಕಿರುವುದನ್ನು ಬಿಟ್ಟುಕೊಡಬೇಕಿಲ್ಲ. ಪಾಲಿಸಿಯಲ್ಲಿ ಬರೆದಿರುವ ತಪಾಸಣೆಯ ಹಣವನ್ನೋ ಪರೀಕ್ಷೆಯ ಬಿಲ್ಲನ್ನೋ ಕಂಪನಿ ನಿರಾಕರಿಸಿದರೆ, ಮೊದಲು ಅದರ ದೂರು ವಿಭಾಗಕ್ಕೇ ಬರೆಯಬೇಕು. ಒಂದು ತಿಂಗಳಲ್ಲಿ ಉತ್ತರ ಬಾರದಿದ್ದರೆ, ಅಥವಾ ಬಂದ ಉತ್ತರ ಒಪ್ಪಿಗೆಯಾಗದಿದ್ದರೆ, ವಿಮಾ ಒಂಬುಡ್ಸ್‌ಮನ್ ಬಳಿ ಹೋಗಬಹುದು. ಮುಂಬಯಿ ಕಚೇರಿ ಸಾಂತಾಕ್ರೂಜ್ ಪಶ್ಚಿಮದ ಎಸ್.ವಿ. ರಸ್ತೆಯಲ್ಲಿದೆ. ಅಲ್ಲಿ ಶುಲ್ಕವಿಲ್ಲ, ವಕೀಲರು ಬೇಕಿಲ್ಲ. 50 ಲಕ್ಷ ರೂಪಾಯಿವರೆಗಿನ ಪರಿಹಾರದ ಆದೇಶ ಹೊರಡಿಸುವ ಅಧಿಕಾರ ಒಂಬುಡ್ಸ್‌ಮನ್‌ಗೆ ಇದೆ. ಆದೇಶ ಕೈಸೇರಿದ 30 ದಿನಗಳೊಳಗೆ ಕಂಪನಿ ಅದನ್ನು ಪಾಲಿಸಬೇಕು.