ಹೂದೋಟದ ಕಿರುರೈಲು: ಒಂದು ಗೇಜಿನ ಚರಿತ್ರೆ

ಮಾದರಿ ರೈಲುಗಳ ಚರಿತ್ರೆಯನ್ನು ಹೇಳುವಾಗ ಅದನ್ನು ಗಾತ್ರವು ಕ್ರಮಕ್ರಮವಾಗಿ ಕುಗ್ಗುತ್ತ ಬಂದ ವೃತ್ತಾಂತವನ್ನಾಗಿ, ಎಂದರೆ ಶ್ರೀಮಂತರ ಪಡಸಾಲೆಯ ನೆಲವನ್ನೆಲ್ಲ ಆಕ್ರಮಿಸಿದ್ದ ಭಾರವಾದ ತಗಡಿನ ಬಂಡಿಗಳು ಇಪ್ಪತ್ತನೆಯ ಶತಮಾನದ ಮಧ್ಯಭಾಗದ ಹೊತ್ತಿಗೆ ಸಾಮಾನ್ಯ ಗೃಹಸ್ಥನ ಮೇಜಿನ ಮೇಲೆ ಹಿಡಿಸುವಷ್ಟು ಕಿರಿದಾದ ವೃತ್ತಾಂತವನ್ನಾಗಿ ನಿರೂಪಿಸುವುದು ವಾಡಿಕೆ. ಮನೆಯೊಳಗಿನ ರೈಲಿನ ಮಟ್ಟಿಗೆ ಇದು ನಿಜವಾದರೂ ಹೂದೋಟದಲ್ಲಿ ಬಯಲಿಗೆ ಮೈಯೊಡ್ಡಿ ಓಡುವ ಕಿರುರೈಲಿಗೆ ಇದು ಅನ್ವಯಿಸದು. ಅಲ್ಲಿ ಎರಡು ಹಳಿಗಳ ನಡುವಣ ಅಂತರವು, ಎಂದರೆ ಗೇಜು, 45 ಮಿಲಿಮೀಟರಾಗಿಯೇ ಉಳಿದು, ಅದರ ಮೇಲೆ ನಿಂತ ಬಂಡಿಯ ಪ್ರಮಾಣವು ಮಾತ್ರ ಕಾಲಾಂತರದಲ್ಲಿ ಹಿರಿದಾಗುತ್ತ ಬಂದಿತು. ಈ ವಿಪರ್ಯಯಕ್ಕೆ ಮಣ್ಣು, ಮಳೆ, ಬಿಸಿಲುಗಳ ಒತ್ತಾಯವೇ ಮುಖ್ಯ ಕಾರಣವೆಂದೂ, ಬಂಡಿಗಳನ್ನು ಅಲಂಕರಿಸುವ ಹಾಗೂ ಓಡಿಸುವ ಕಲೆಗಳೆರಡೂ ಅದರಿಂದಲೇ ರೂಪುಗೊಂಡವೆಂದೂ ತೋರಿಸುವುದು ಈ ಲೇಖನದ ಉದ್ದೇಶ.

1891ರಲ್ಲಿ ಲೈಪ್ಸಿಗ್ ನಗರದ ವಸಂತಮೇಳದಲ್ಲಿ ಗ್ಯೋಪಿಂಗೆನ್ ಊರಿನ ಮೆರ್ಕ್ಲಿನ್ ಸಂಸ್ಥೆಯು ತನ್ನ ಆಟಿಕೆಯ ರೈಲುಗಳಿಗೆ ಕ್ರಮಾಂಕವುಳ್ಳ ನಿಶ್ಚಿತ ಗೇಜುಗಳನ್ನು ಗೊತ್ತುಮಾಡಿ ಪ್ರದರ್ಶಿಸಿತು. ಅಲ್ಲಿಯವರೆಗೆ ಒಬ್ಬ ತಯಾರಕನ ಬಂಡಿ ಮತ್ತೊಬ್ಬನ ಹಳಿಯ ಮೇಲೆ ನಿಲ್ಲುತ್ತಿರಲಿಲ್ಲ, ಅನಂತರ ನಿಲ್ಲತೊಡಗಿತು. ಆ ಕ್ರಮದಲ್ಲಿ ‘ಗೇಜು 1’ ಎಂಬುದೇ ನಮ್ಮ 45 ಮಿಲಿಮೀಟರು. ಆರಂಭದಲ್ಲಿ ಹಳಿಯ ನಡುವಿನಿಂದ ನಡುವಿಗೆ ಅಳೆಯುವ ಪದ್ಧತಿಯಿದ್ದುದರಿಂದ ಅದನ್ನು 48 ಎಂದು ಹೇಳುತ್ತಿದ್ದುದೂ ಉಂಟು. ಇಂಗ್ಲೆಂಡಿನ ನಾರ್ಥಾಂಪ್ಟನ್ ಪಟ್ಟಣದ ಡಬ್ಲ್ಯು. ಜೆ. ಬ್ಯಾಸೆಟ್-ಲೋಕ್ ಅವರು 1900ರ ಪ್ಯಾರಿಸ್ ಮಹಾಪ್ರದರ್ಶನದಲ್ಲಿ ನ್ಯೂರೆಂಬರ್ಗಿನ ಬಿಂಗ್ ಸಂಸ್ಥೆಯ ಕೈಗೆಲಸವನ್ನು ಕಂಡು, ಅವರಿಂದಲೇ ಇಂಗ್ಲಿಷ್ ರೈಲುಗಳ ಮಾದರಿಗಳನ್ನು ಮಾಡಿಸತೊಡಗಿದರು. ಹೆನ್ರಿ ಗ್ರೀನ್ಲಿ ಎಂಬ ಎಂಜಿನಿಯರು ಅವುಗಳ ನಕ್ಷೆಗಳನ್ನು ರಚಿಸಿಕೊಟ್ಟರು. ಆಟಿಕೆಯಾಗಿದ್ದ ವಸ್ತುವು ಮಾದರಿಯ ಪದವಿಗೆ ಏರಿದುದು ಈ ಇಬ್ಬರ ಸಹಯೋಗದಿಂದ.

ರೈಲು ತೋಟಕ್ಕೆ ಹೊರಟುದಕ್ಕೆ ನಿಜವಾದ ಪ್ರೇರಣೆ ಉಗಿ. ಸ್ಪಿರಿಟ್ ದೀಪದಿಂದ ನೀರು ಕಾಯಿಸಿ ಓಡಿಸುವ ಎಂಜಿನು ಬಿಸಿ ಎಣ್ಣೆಯನ್ನೂ ನೀರನ್ನೂ ಚಿಮ್ಮಿಸುತ್ತ, ಒಮ್ಮೊಮ್ಮೆ ಉರಿಯುವ ಸ್ಪಿರಿಟನ್ನೇ ಚೆಲ್ಲುತ್ತ ಹೋಗುವುದರಿಂದ ಜಮಖಾನೆ ಹಾಸಿದ ಕೋಣೆಯಲ್ಲಿ ಅದಕ್ಕೆ ಎಡೆಯಿರಲಿಲ್ಲ. ಆದರೆ ಹೊರಗೆ ಬಂದ ಉಗಿ ಎಂಜಿನು ಬೇರೊಂದು ಕಷ್ಟಕ್ಕೆ ಗುರಿಯಾಯಿತು. ನಿಜವಾದ ಬಾಯ್ಲರನ್ನು ಎಲ್ಲ ದಿಕ್ಕಿನಲ್ಲಿಯೂ ಇಪ್ಪತ್ತನೆಯ ಒಂದು ಪಾಲಿಗೆ ಇಳಿಸಿದರೆ ಅದರ ಹೊರಮೈ ನಾನೂರನೆಯ ಒಂದು ಪಾಲಾಗುತ್ತದೆ, ಒಳಗೆ ಹಿಡಿಯುವ ನೀರಾದರೋ ಎಂಟು ಸಾವಿರದಲ್ಲಿ ಒಂದು ಪಾಲು. ಎಂದರೆ ಇರುವ ನೀರಿನ ಲೆಕ್ಕಕ್ಕೆ ಶಾಖವು ಸೋರಿಹೋಗುವ ಮೈ ಇಪ್ಪತ್ತು ಪಟ್ಟು ಹೆಚ್ಚಾಯಿತು. ಇದರೊಡನೆ ತೋಟದ ಗಾಳಿ ದೀಪದ ಜ್ವಾಲೆಯನ್ನು ಪಕ್ಕಕ್ಕೆ ಬಾಗಿಸಿದರೆ ಎಂಜಿನು ಮಾರ್ಗಮಧ್ಯದಲ್ಲಿ ಉಸಿರು ಕಟ್ಟಿ ನಿಲ್ಲುವುದು ಸಹಜ. 1920ರ ದಶಕದಲ್ಲಿ ‘ಎಲ್.ಬಿ.ಎಸ್.ಸಿ.’ ಎಂಬ ಅಂಕಿತದಿಂದ ಬರೆಯುತ್ತಿದ್ದ ಲೇಖಕರು, ಸ್ಪಿರಿಟನ್ನು ಬಿಟ್ಟು ಕಲ್ಲಿದ್ದಲನ್ನೇ ಉರಿಸುವ ಸಣ್ಣ ಬಾಯ್ಲರೂ ದೊಡ್ಡದರಂತೆಯೇ ದುಡಿಯಬಲ್ಲದೆಂದು ವಾದಿಸಿ, ಎರಡೂವರೆ ಅಂಗುಲ ಗೇಜಿನ ತಮ್ಮ ಎಂಜಿನಿನಿಂದ ಪ್ರಾಯದ ಮನುಷ್ಯನನ್ನೇ ಎಳೆಸಿ ತೋರಿಸಿದರು. ತೋಟದ ಸಣ್ಣ ಎಂಜಿನುಗಳಿಗೆ ಸುಲಭವಾದ ಪರಿಹಾರ ಬಂದುದು ಬಹುಕಾಲದ ಮೇಲೆ, ಬ್ಯೂಟೇನ್ ಅನಿಲದ ಬರ್ನರು ಬಳಕೆಗೆ ಬಂದಾಗ.

ಈ ನಡುವೆ ಮನೆಗಳು ಕಿರಿದಾದವು. 1920ರಲ್ಲಿ ಹಾರ್ನ್‌ಬಿ ರೈಲುಗಳು 32 ಮಿಲಿಮೀಟರಿನ ಸೊನ್ನೆ ಗೇಜಿನಲ್ಲಿ ಬಂದವು. 1935ರಲ್ಲಿ ಮೆರ್ಕ್ಲಿನ್ ಸಂಸ್ಥೆಯೇ ಅದರ ಸುಮಾರು ಅರ್ಧದಷ್ಟಿನ ಮೇಜುರೈಲನ್ನು ಹೊರತಂದಿತು. ಗೇಜು 1 ಅಂಗಡಿಗಳಿಂದ ಬಹುಮಟ್ಟಿಗೆ ಮರೆಯಾಯಿತು. ಆದರೂ ಅದು ಸಾಯಲಿಲ್ಲ ಎಂಬುದಕ್ಕೆ ಸಾಕ್ಷಿ ಇಂಗ್ಲೆಂಡಿನ ಬೀಕನ್ಸ್‌ಫೀಲ್ಡ್ ಊರಿನಲ್ಲಿ 1929ರಲ್ಲಿ ತೆರೆದ ಬೆಕನ್ಸ್‌ಕಾಟ್ ಮಾದರಿ ಗ್ರಾಮ. ರೋಲಂಡ್ ಕ್ಯಾಲಿಂಗ್‌ಹ್ಯಾಮ್ ಅವರು ತಮ್ಮ ಮನೆಯ ತೋಟದಲ್ಲಿ ನಿರ್ಮಿಸಿದ ಆ ಗ್ರಾಮದೊಳಗೆ ಬ್ಯಾಸೆಟ್-ಲೋಕ್ ಸಂಸ್ಥೆಯ ನೆರವಿನಿಂದ ಗೇಜು 1ರ ಮಾರ್ಗವೊಂದನ್ನು ಹಾಕಲಾಯಿತು. ಅಲ್ಲಿಯ ಮನೆಗಳು 1:12ರ ಪ್ರಮಾಣದವು, ರೈಲುಗಳು 1:32ರವು. ಈ ವಿಷಮತೆ ಲೆಕ್ಕದಲ್ಲಿ ಘೋರವಾಗಿ ಕಂಡರೂ ನೋಡುವ ಕಣ್ಣನ್ನು ಅಷ್ಟಾಗಿ ನೋಯಿಸದು. ಗಿಡಮರಗಳ ನಡುವೆ ನಿಂತ ಪ್ರೇಕ್ಷಕನು ಅಳತೆಯಿಂದಲ್ಲ, ಸನ್ನಿವೇಶದಿಂದ ಸಮಾಧಾನ ಪಡೆಯುತ್ತಾನೆಂಬ ತತ್ತ್ವವು ಅಲ್ಲಿ ಮೊದಲಬಾರಿಗೆ ದೊಡ್ಡ ಪ್ರಮಾಣದಲ್ಲಿ ಸಿದ್ಧವಾಯಿತೆಂದು ನನ್ನ ಅಭಿಪ್ರಾಯ.

ಈ ತತ್ತ್ವವನ್ನು ಶಾಸ್ತ್ರವನ್ನಾಗಿ ಮಾಡಿದುದು 1968. ಆ ವರ್ಷದ ನ್ಯೂರೆಂಬರ್ಗ್ ಆಟಿಕೆಗಳ ಮೇಳದಲ್ಲಿ, 1881ರಲ್ಲಿ ಸ್ಥಾಪಿತವಾಗಿದ್ದ ಲೇಮನ್ ಸಂಸ್ಥೆಯು ಎಲ್.ಜಿ.ಬಿ. ಎಂಬ ಹೆಸರಿನ ರೈಲನ್ನು ಹೊರತಂದಿತು. ಆಗ ಆ ಸಂಸ್ಥೆಯ ಆಡಳಿತ ರಿಕ್ಟರ್ ಕುಟುಂಬದ ಕೈಯಲ್ಲಿದ್ದಿತು. ಅವರು ಹೊಸ ಹಳಿಯನ್ನು ಕಲ್ಪಿಸಲಿಲ್ಲ. ಹಳೆಯ 45 ಮಿಲಿಮೀಟರನ್ನೇ ಹಿಡಿದು, ಅದನ್ನು ಇನ್ನು ಮುಂದೆ ದೊಡ್ಡ ರೈಲಿನ ಪ್ರತಿರೂಪವೆಂದೆಣಿಸದೆ ಪರ್ವತಪ್ರಾಂತಗಳ ಮೀಟರುಗೇಜಿನ ಪ್ರತಿರೂಪವೆಂದೆಣಿಸಿದರು. ಸಾವಿರ ಮಿಲಿಮೀಟರನ್ನು 22.5ರಿಂದ ಭಾಗಿಸಿದರೆ 44.4 ಬರುತ್ತದೆ, ಪ್ರಮಾಣ 1:22.5 ಎಂದು ನಿಂತಿತು. ಇದರಿಂದ ದೊರೆತ ಲಾಭ ಮೂರು ಬಗೆಯದು. ಬಂಡಿಯ ಒಡಲು ಹಿರಿದಾಗಿ ಮಳೆಗೂ ಕೈಗೂ ತಾಳುವಷ್ಟು ಗಟ್ಟಿಯಾಯಿತು. ಮಲೆಯ ರೈಲು ನಿಜದಲ್ಲಿಯೂ ಕಡಿದಾದ ತಿರುವುಗಳಲ್ಲಿ ಸುತ್ತುವುದರಿಂದ 60 ಸೆಂಟಿಮೀಟರು ತ್ರಿಜ್ಯದ ತಿರುವು ಅದಕ್ಕೆ ಅಪಹಾಸ್ಯವೆನಿಸಲಿಲ್ಲ. ಎರಡು ಮೂರು ಡಬ್ಬಿಗಳ ಪುಟ್ಟ ಗಾಡಿಯೂ ಪೂರ್ಣವಾದ ಗಾಡಿಯೆಂದೇ ತೋರಿತು. ಮೊದಲ ಎಂಜಿನು ‘ಸ್ಟೈನ್ಸ್’, ಆಸ್ಟ್ರಿಯದ ಸ್ಟಿರಿಯ ಪ್ರಾಂತದ ನಾಲ್ಕು ಗಾಲಿಯ ಎಂಜಿನೊಂದರ ಅನುಕರಣ. ಆ ಮೂಲ ಎಂಜಿನು ಓಡಿದ ಮಾರ್ಗ ಮೀಟರುಗೇಜಿನದಾಗಿರದೆ 760 ಮಿಲಿಮೀಟರಿನದಾಗಿದ್ದಿತು! ಶುದ್ಧ ಪ್ರಮಾಣದ ಪಕ್ಷಪಾತಿಗಳು ಇದನ್ನು ದೋಷವೆಂದಾರು, ನಾನು ಹಾಗೆನ್ನಲಾರೆ. ಒಂದೇ ಹಳಿಯ ಮೇಲೆ ಅನೇಕ ದೇಶಗಳ ಕಿರುಮಾರ್ಗಗಳು ಸಂಧಿಸಲು ಇಂಥ ಉದಾರತೆಯೇ ಅವಕಾಶ ಮಾಡಿಕೊಟ್ಟಿತು.

ಆದರೆ ಉದಾರತೆಗೂ ಮೇರೆಯುಂಟು. ಅಮೆರಿಕದ ಮೂರಡಿ ಗೇಜನ್ನು 45ರ ಮೇಲೆ ಸರಿಯಾಗಿ ತೋರಿಸಬೇಕೆಂದವರು 1:20.3ಕ್ಕೆ ಹೋದರು, ಇದು ನ್ಯಾಯವಾದ ಲೆಕ್ಕ. ದೊಡ್ಡ ರೈಲನ್ನು ಮೀಟರುಗೇಜಿನ ಬಂಡಿಗಳ ಪಕ್ಕದಲ್ಲಿ ಸಣ್ಣದಾಗಿ ಕಾಣಿಸಬಾರದೆಂದು 1:29ರಲ್ಲಿ ಮಾಡಿದವರು ಮಾತ್ರ, 49.5 ಮಿಲಿಮೀಟರು ಇರಬೇಕಾದ ಹಳಿಯನ್ನು 45ರಲ್ಲಿಯೇ ಬಿಟ್ಟು, ಬಂಡಿಯು ಕಾಲು ಕೂಡಿಸಿ ನಿಂತಂತೆ ಮಾಡಿದರು. ಇದನ್ನು ನಾನು ಮೆಚ್ಚಲಾರೆ. ಇತ್ತ ಇಂಗ್ಲೆಂಡಿನಲ್ಲಿ 1947ರಿಂದ ಗೇಜು 1ರ ಸಂಘವೊಂದು ಶುದ್ಧ ಪ್ರಮಾಣದ ದೀಪವನ್ನು ಕಾಪಾಡಿಕೊಂಡು ಬಂದಿದ್ದಿತು. 1975ರಲ್ಲಿ ಜಪಾನಿನ ಆಸ್ಟರ್ ಸಂಸ್ಥೆ ಅದಕ್ಕೆ ಉಗಿ ಎಂಜಿನುಗಳನ್ನು ಒದಗಿಸಲಾರಂಭಿಸಿತು. ಇಂಗ್ಲೆಂಡಿನಲ್ಲಿಯೇ ಮತ್ತೊಂದು ಪಂಥದವರು ಅಡಿಗೆ 16 ಮಿಲಿಮೀಟರಿನಂತೆ ಅಳೆದು, 32 ಮಿಲಿಮೀಟರಿನ ಹಳಿಯ ಮೇಲೆ ಎರಡಡಿ ಗೇಜಿನ ಕಲ್ಲುಗಣಿಯ ರೈಲುಗಳನ್ನು ಓಡಿಸಿದರು.

ಮಣ್ಣಿನ ಮೇಲೆ ಹಳಿ ಹಾಸುವುದು ಪ್ರತ್ಯೇಕವಾದ ವಿದ್ಯೆ. ಹತ್ತು ಮೀಟರು ಉದ್ದದ ಹಿತ್ತಾಳೆಯ ಹಳಿಯು ಬೆಳಗಿನ ತಂಪಿಗೂ ನಡುಹಗಲಿನ ಬಿಸಿಲಿಗೂ ನಡುವೆ ಲೋಹದ ಶಾಖ ಮೂವತ್ತು ಡಿಗ್ರಿ ಏರಿದರೆ ಸುಮಾರು ಆರು ಮಿಲಿಮೀಟರು ಹಿಗ್ಗುತ್ತದೆ. ಅದನ್ನು ಕಾಂಕ್ರೀಟಿಗೆ ಬಿಗಿದವನು ಮಧ್ಯಾಹ್ನದ ಹೊತ್ತಿಗೆ ಹಳಿ ಸೊಟ್ಟಗಾದುದನ್ನು ಕಾಣುತ್ತಾನೆ. ಸಣ್ಣ ಜಲ್ಲಿಯಲ್ಲಿ ಸಡಿಲವಾಗಿ ತೇಲುವಂತೆ ಬಿಟ್ಟವನಿಗೆ ಆ ತೊಂದರೆಯಿಲ್ಲ. ಹಿತ್ತಾಳೆಗೆ ಕಿಲುಬು ಹಿಡಿದರೆ ಹಳಿಯ ಮೂಲಕ ಬರುವ ವಿದ್ಯುತ್ತು ಗಾಲಿಗೆ ಮುಟ್ಟದು. ಬ್ಯಾಟರಿಯನ್ನು ಡಬ್ಬಿಯೊಳಗಿಟ್ಟು ರೇಡಿಯೋ ಮೂಲಕ ನಡೆಸುವ ಪದ್ಧತಿ ಹಬ್ಬಿದುದು ಈ ಕಾರಣದಿಂದ.

ಇನ್ನು ಅಲಂಕರಣ. ಕೋಣೆಯ ಮಾದರಿಗೆ ನೆರಳನ್ನು ಬಣ್ಣದಿಂದ ಬರೆಯಬೇಕಾದೀತು. ತೋಟದಲ್ಲಿ ಸೂರ್ಯನೇ ಪ್ರತಿಯೊಂದು ಮೊಳೆಯ ತಲೆಗೂ ನೆರಳು ಕೊಡುವುದರಿಂದ ಉಬ್ಬು ತಗ್ಗುಗಳು ನಿಜವಾಗಿರಬೇಕು, ಹೊಳಪು ಸ್ವಲ್ಪವೂ ಇರಬಾರದು. ಕಲ್ಲಿದ್ದಲ ಡಬ್ಬಿಯೊಂದನ್ನು ಪರಿಶೀಲಿಸೋಣ. ಒಳ್ಳೆಯ ಕೆಲಸಗಾರನು ಮೊದಲು ಹೊಳಪಿಲ್ಲದ ವಾರ್ನಿಷಿನಿಂದ ಪ್ಲಾಸ್ಟಿಕಿನ ಮಿರುಗನ್ನು ಅಳಿಸುತ್ತಾನೆ. ಒಂದೊಂದು ಹಲಗೆಗೂ ತುಸು ಬೇರೆಯಾದ ಬೂದುಬಣ್ಣವನ್ನು ಕೊಡುತ್ತಾನೆ. ಕಬ್ಬಿಣದ ಪಟ್ಟಿಗಳ ಕೆಳಗೆ ನೀರಾದ ಕಂದುಬಣ್ಣವನ್ನು ಮೇಲಿನಿಂದ ಕೆಳಕ್ಕೆ ಮಾತ್ರ ಎಳೆಯುತ್ತಾನೆ, ಏಕೆಂದರೆ ತುಕ್ಕನ್ನು ಕೊಂಡೊಯ್ಯುವ ಮಳೆನೀರು ಇಳಿಯುವುದು ಹಾಗೆಯೇ. ಕಡೆಯಲ್ಲಿ ಆ ತೋಟದ್ದೇ ಮಣ್ಣನ್ನು ಬಟ್ಟೆಯಲ್ಲಿ ಶೋಧಿಸಿ ಡಬ್ಬಿಯ ಕೆಳಭಾಗಕ್ಕೆ ಲೇಪಿಸುತ್ತಾನೆ. ಬಂಡಿಗೂ ನೆಲಕ್ಕೂ ಒಂದೇ ಧೂಳು ಹತ್ತಿದಾಗಲೇ ಎರಡೂ ಒಂದೇ ಲೋಕಕ್ಕೆ ಸೇರಿದವೆನ್ನಿಸುತ್ತದೆ. ಸಸ್ಯಗಳ ಆಯ್ಕೆಯಲ್ಲಿ ಎಲೆಯ ಗಾತ್ರವೇ ನಿರ್ಣಾಯಕ. ನೆಲಕ್ಕಂಟಿ ಬೆಳೆಯುವ ಥೈಮ್, ಸೀಡಮ್ ಮತ್ತು ಕುಬ್ಜ ಜಾತಿಯ ಸ್ಪ್ರೂಸ್ ಮರಗಳು ಪಾಶ್ಚಾತ್ಯ ತೋಟಗಳಲ್ಲಿ ಮನ್ನಣೆ ಪಡೆದುದು ಇದರಿಂದಲೇ.

ಓಡಿಸುವ ಕ್ರಮದಲ್ಲಿ ಸಾಮಾನ್ಯವಾಗಿ ಕಾಣುವ ದೋಷ ಅತಿವೇಗ. ಗಂಟೆಗೆ 40 ಕಿಲೋಮೀಟರು ಹೋಗುವ ಮಲೆಯ ಗಾಡಿ 1:22.5ರಲ್ಲಿ ಸೆಕೆಂಡಿಗೆ ಅರ್ಧ ಮೀಟರಷ್ಟು ಮಾತ್ರ ಚಲಿಸಬೇಕು. ಮೂವತ್ತು ಮೀಟರಿನ ಸುತ್ತಿಗೆ ಪೂರ್ತಿ ಒಂದು ನಿಮಿಷ ಹಿಡಿಯಬೇಕು. ಈ ನಿಧಾನವನ್ನು ಸಾಧಿಸಿದ ಮೇಲೆ ಪ್ರತಿ ಡಬ್ಬಿಗೂ ಒಂದು ಚೀಟಿ ಮಾಡಿ, ಯಾವ ನಿಲ್ದಾಣದಿಂದ ಯಾವ ಸರಕು ಎಲ್ಲಿಗೆ ಹೋಗಬೇಕೆಂದು ಬರೆದು, ಅದರಂತೆ ಡಬ್ಬಿಗಳನ್ನು ಬಿಡಿಸಿ ಜೋಡಿಸುವವರ ತೋಟದಲ್ಲಿ ರೈಲು ಸುತ್ತುವ ಆಟವಾಗಿರದೆ ದುಡಿಯುವ ಸಂಸ್ಥೆಯಾಗುತ್ತದೆ.

ಕನ್ನಡನಾಡಿಗೂ ಈ ಚರಿತ್ರೆಗೂ ಇರುವ ಸಂಬಂಧ ಆ 1:22.5ರ ಲೆಕ್ಕದಲ್ಲಿದೆ. ಬೆಂಗಳೂರು–ಮೈಸೂರು, ಶಿವಮೊಗ್ಗ–ತಾಳಗುಪ್ಪ ಮುಂತಾದ ನಮ್ಮ ಮಾರ್ಗಗಳು ದಶಕಗಳ ಕಾಲ ಮೀಟರುಗೇಜಿನವಾಗಿದ್ದು ಒಂದೊಂದಾಗಿ ಬ್ರಾಡ್‌ಗೇಜಿಗೆ ತಿರುಗಿದವು. ಸುಮಾರು 19.5 ಮೀಟರು ಉದ್ದದ ನಮ್ಮ ಮೀಟರುಗೇಜಿನ ಪ್ರಯಾಣಿಕರ ಡಬ್ಬಿ ಈ ಪ್ರಮಾಣದಲ್ಲಿ 87 ಸೆಂಟಿಮೀಟರಾಗುತ್ತದೆ. 60 ಸೆಂಟಿಮೀಟರಿನ ತಿರುವು ಅದಕ್ಕೆ ಒಗ್ಗದು, ಹಿತ್ತಲು ಸ್ವಲ್ಪ ವಿಶಾಲವಾಗಿಯೇ ಇರಬೇಕು. ಹಾಗಿದ್ದರೂ ಕೆಲಸ ಅಸಾಧ್ಯವಲ್ಲ. ಮೈಸೂರಿನ ರೈಲು ವಸ್ತುಸಂಗ್ರಹಾಲಯದಲ್ಲಿ ಹಳೆಯ ಮೀಟರುಗೇಜಿನ ಬಂಡಿಗಳು ಇಂದಿಗೂ ನಿಂತಿವೆ. ಕೈಕೆಲಸ ಬಲ್ಲ ತರುಣರು ಅನುಮತಿ ಪಡೆದು, ಅಳತೆಯ ಟೇಪನ್ನೂ ನೋಟುಪುಸ್ತಕವನ್ನೂ ಹಿಡಿದು ಅಲ್ಲಿಗೆ ಹೋಗಿ, ಕಿಟಕಿಯ ಚೌಕಟ್ಟಿನಿಂದ ಮೆಟ್ಟಿಲಿನವರೆಗೆ ಎಲ್ಲವನ್ನೂ ಅಳೆದು ಬರೆದುಕೊಳ್ಳಬೇಕೆಂದು ಪ್ರಾರ್ಥಿಸುತ್ತೇನೆ.